ಬೀಗಿತ್ತಿಯ ಜೊತೆ ಎರಡು ದಿನ

ಆರಾಮ ಎಂಬ ಪದ ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಧನುರ್ಮಾಸದ ಒಂದು ಬೆಳಿಗ್ಗೆ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ, ಬೆಂಗಳೂರಿನಿಂದ ಫೋನು ಮಾಡಿದರು. "ಎರಡು ದಿನ ಎಲ್ಲಾದ್ರೂ ಆರಾಮಾಗಿ ಇದ್ದು ಬರೋಣ್ರೀ. ನಿಮಗೂ ಆ ಮಗ್ಗದ ಸದ್ದಿಂದ ಸ್ವಲ್ಪ ಬಿಡುವು ಸಿಕ್ಕಂಗಾಗತ್ತೆ" ಎಂದರು. ಮಗ್ಗದ ಸದ್ದು ಎನ್ನುವಾಗ ಅವರ ದನಿ ಪಕ್ಕದ ಮನೆಯ ಚರಂಡಿಯ ಮಾತು ತೆಗೆದ ಹಾಗಿತ್ತು. ಆ ಸದ್ದು ನಿಂತರೆ ನಮ್ಮ ಒಲೆಯೂ ನಿಲ್ಲುತ್ತದೆ ಎಂದು ಹೇಳಬೇಕೆನಿಸಿತು. ಮಗಳ ಅತ್ತೆಯಲ್ಲವೇ, ನಾಲಿಗೆ ಕಚ್ಚಿಕೊಂಡು "ಆಗಲಿ" ಎಂದೆ.

ಕರೆದದ್ದು ಯಾಕೆಂದು ನನಗೆ ಗೊತ್ತಿತ್ತು. ಮಗಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನದು. ಅದನ್ನು ಯಾರೂ ಕೇಳಿ ಪಡೆಯುವುದಿಲ್ಲ, ಯಾರೂ ದಯಪಾಲಿಸುವುದೂ ಇಲ್ಲ. ನಮ್ಮಮ್ಮ ನನಗೆ ಮಾಡಿದಳು, ಅವಳಿಗೆ ಅವಳಮ್ಮ ಮಾಡಿದಳು. ಆದರೆ ಸೀಮಂತದ ದಿನ ನಾವು ಬಳೆ ತೊಡಿಸಿ, ಮಡಿಲು ತುಂಬಿ, ಮಗಳನ್ನು ಕರೆದುಕೊಂಡು ಹೊರಡೋಣ ಎಂದು ನಿಂತರೆ ಬೀಗಿತ್ತಿ "ಡಾಕ್ಟ್ರು ಇನ್ನೊಂದ್ಸಲ ನೋಡ್ಲಿ, ಆಮೇಲೆ ಹೇಳ್ತೀನಿ" ಎಂದು ನಮ್ಮನ್ನು ಬರಿಗೈಯಲ್ಲಿ ಕಳಿಸಿದ್ದರು. ಆ ಆಮೇಲೆ ಬರಲೇ ಇಲ್ಲ. ಇಲ್ಲಿ ನಾನು ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಹುಣಸೆಹಣ್ಣು ಹಾಕಿ ಹಂಡೆ ಉಜ್ಜಿ, ಅಂಟಿನುಂಡೆಗೆ ಅಂಟು, ಒಣಕೊಬ್ಬರಿ ತಂದಿಟ್ಟು, ಹಳೇ ಮೆತ್ತನೆಯ ಸೀರೆಗಳನ್ನು ಮಗುವಿನ ಬಟ್ಟೆಗೆಂದು ಹರಿದು ಮಡಚಿ ಕಾಯುತ್ತಿದ್ದೆ.

"ಕಳಿಸಲ್ಲ ಅನ್ನೋದನ್ನ ನಯವಾಗಿ ಹೇಳೋಕೆ ಈ ಜಾಗ ಹುಡುಕವ್ಳೆ" ಎಂದು ನನ್ನ ಗಂಡನಿಗೆ ಹೇಳಿದೆ.

"ಹೋಗಿ ನೋಡೋಣ ಬಾ. ಊಟನಾದ್ರೂ ಚೆನ್ನಾಗಿರುತ್ತೆ" ಎಂದರು. ನನ್ನ ಗಂಡ ಯಾವ ಯುದ್ಧಕ್ಕೂ ಊಟದ ಆಸೆಯಿಂದಲೇ ಹೊರಡುವ ಮನುಷ್ಯ.

ಶುಕ್ರವಾರ ರಾತ್ರಿಯೇ ಅವರೆಕಾಯಿ ಬಿಡಿಸಿ ಕಾಳು ನೆನೆಸಿ, ಶನಿವಾರ ಬೆಳಗಿನ ಜಾವ ಎದ್ದು ಒಂದೊಂದೇ ಕಾಳು ಹಿತುಕಿ, ಹಿತಕಿದ ಬೇಳೆ ಸಾರು ಮಾಡಿದೆ. ಮಗಳಿಗೆ ಅದೆಂದರೆ ಪ್ರಾಣ. ಸ್ಟೀಲ್ ಡಬ್ಬಿಗೆ ತುಂಬಿ, ಬಟ್ಟೆ ಸುತ್ತಿ, ಬಾಡಿಗೆ ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಬಾಶೆಟ್ಟಿಹಳ್ಳಿ ಹತ್ತಿರ ಫ್ಯಾಕ್ಟರಿ ಬಸ್ಸುಗಳು ಮಂಜಿನಲ್ಲಿ ಲೈಟು ಹಾಕಿಕೊಂಡು ಸಾಲಾಗಿ ನಿಂತಿದ್ದವು. ಅಲ್ಲಿಂದ ಮುಂದೆ ದೇವನಹಳ್ಳಿ ಕಡೆ ತಿರುಗಿ, ದ್ರಾಕ್ಷಿ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಹೋದರೆ ಆ ಹೋಟೆಲ್ಲು. ಯಾರೋ ಸಾಹುಕಾರರ ಹಳೇ ಕಲ್ಲಿನ ಬಂಗಲೆ. ಅದಕ್ಕೆ ಬಣ್ಣ ಬಳಿದು, ಸುತ್ತ ಹುಲ್ಲು ಬೆಳೆಸಿ, ಹಿಂದೆ ಸಾಲಾಗಿ ಜಗಲಿಯಿರುವ ರೂಮುಗಳನ್ನು ಕಟ್ಟಿ, ಹಳ್ಳಿಯ ನೆಮ್ಮದಿ ಎಂದು ಬೋರ್ಡು ಹಾಕಿದ್ದರು. ಆ ಹಳ್ಳಿಯ ಜನ ಮಾತ್ರ ಕಾಂಪೌಂಡಿನ ಆಚೆ ಇದ್ದರು.

ಗೇಟಿನಲ್ಲೇ ನನ್ನ ಡಬ್ಬಿ ಹಿಡಿದರು.

"ಹೊರಗಿನ ಊಟ ಒಳಗೆ ಬಿಡೋ ಹಂಗಿಲ್ಲಮ್ಮ" ಎಂದ ಕಾವಲಿನವನು. ಐವತ್ತು ದಾಟಿದ ಮನುಷ್ಯ, ಹೇಳಲು ಅವನಿಗೇ ಸಂಕೋಚ.

"ಬಸುರಿ ಹೆಂಗಸಿಗೆ ತಂದಿರೋದಪ್ಪಾ."

ಅಷ್ಟರಲ್ಲಿ ಒಳಗಿನಿಂದ ಬೀಗಿತ್ತಿ ಬಂದರು. ಬೂದುಬಣ್ಣದ ಶಾಲು, ಕಾಲಿಗೆ ಬೂಟು. ಬ್ಯಾಂಕಿನಲ್ಲಿ ಮೂವತ್ತು ವರ್ಷ ದೊಡ್ಡ ಮೇಜಿನ ಹಿಂದೆ ಕೂತು ರಿಟೈರಾದ ಹೆಂಗಸು. ಈಗಲೂ ಎದುರಿಗೆ ಬಂದವರನ್ನು ಅರ್ಜಿ ಹಿಡಿದು ಬಂದವರ ಹಾಗೆ ನೋಡುತ್ತಾರೆ. "ಬಿಡ್ರೀ, ಇಲ್ಲೇ ಎಲ್ಲಾ ಸಿಗತ್ತೆ. ಅವಳಿಗೂ ಈಗ ಅವರೆಕಾಳು ವಾಯು ಆಗತ್ತೆ" ಎಂದರು. ನನ್ನ ಮಗಳಿಗೆ ಏನಾಗುತ್ತದೆಂದು ನನಗೆ ಹೇಳಿಕೊಡಲು ಬಂದ ಇವಳಾರು? ಡಬ್ಬಿಯನ್ನು ಕಾವಲಿನವನ ಕೈಗೆ ಕುಕ್ಕಿದೆ. "ನೀವೇ ತಿನ್ನಿ ಅಣ್ಣ. ಮುದ್ದೆ ಇದ್ರೆ ಇನ್ನೂ ಚೆನ್ನಾಗಿರುತ್ತೆ" ಎಂದೆ. ಅವನು ನಿಜಕ್ಕೂ ಖುಷಿಪಟ್ಟ. ಆ ಎರಡು ದಿನದಲ್ಲಿ ನನ್ನಿಂದ ಖುಷಿಪಟ್ಟವನು ಅವನೊಬ್ಬನೇ.

ಮಗಳು ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮುಖ ತುಂಬಿಕೊಂಡಿತ್ತು, ಪಾದ ಊದಿತ್ತು. ಅಳಿಯ ಅವರಿಬ್ಬರನ್ನೂ ಬಿಟ್ಟು ಕೆಲಸವೆಂದು ಆಗಲೇ ವಾಪಸ್ ಹೋಗಿದ್ದ. ನಾನು ಹತ್ತಿರ ಹೋಗಿ ಕೆನ್ನೆ ಮುಟ್ಟಿದೆ. ಅವಳು ನನ್ನ ಕೈಯನ್ನು ಒಂದು ಗಳಿಗೆ ಗಟ್ಟಿಯಾಗಿ ಹಿಡಿದು, ಅತ್ತೆ ಬರುವುದನ್ನು ಕಂಡು ಬಿಟ್ಟಳು. ಅತ್ತೆಗೆ ಹೆದರಿದ್ದಾಳೆ ಎಂದುಕೊಂಡೆ. ನನ್ನ ಕೋಪಕ್ಕೆ ಬೇಕಾದ ಸೌದೆಯೆಲ್ಲ ಹೀಗೆ ತಾನಾಗಿ ಸಿಗುತ್ತಿತ್ತು.

ಆ ಜಾಗದಲ್ಲಿ ಮಾಡಲು ಏನೂ ಇರಲಿಲ್ಲ. ಅದಕ್ಕೇ ಜನ ಅಲ್ಲಿಗೆ ಬರುತ್ತಾರಂತೆ. ಹಗ್ಗದ ಮಂಚದ ಮೇಲೆ ಉರುಳಿಕೊಂಡು, ಮಡಕೆಯಲ್ಲಿ ಕೊಟ್ಟ ಕಾಫಿ ಕುಡಿದು, ಮಂಜನ್ನು ಫೋನಿನಲ್ಲಿ ಹಿಡಿಯುತ್ತಿದ್ದರು. ಎಲ್ಲೂ ಸದ್ದಿಲ್ಲ. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮುಂದೆ ನಾಲ್ಕು ಪವರ್‌ಲೂಮು, ಹಿಂದೆ ಸಂಸಾರ. ಸದ್ದಿಲ್ಲವೆಂದರೆ ಕರೆಂಟು ಹೋಗಿದೆ, ಕೆಲಸ ನಿಂತಿದೆ ಎಂದರ್ಥ. ರೂಮಿಗೆ ಹೋದ ಕೂಡಲೇ ನನ್ನ ಗಂಡ ಮಾಡಿದ ಮೊದಲ ಕೆಲಸ ಸ್ವಿಚ್ಚು ಒತ್ತಿ ನೋಡಿದ್ದು. ಲೈಟು ಹತ್ತಿತು. ಆದರೂ ನಮ್ಮಿಬ್ಬರಿಗೂ ಸಮಾಧಾನವಾಗಲಿಲ್ಲ.

"ಎಷ್ಟು ಚೆನ್ನಾಗಿ ಕೂಗ್ತಿದೆ ಕೇಳಿ" ಎಂದರು ಬೀಗಿತ್ತಿ, ಮಧ್ಯಾಹ್ನ ಮರದ ಕೆಳಗೆ ಕೂತಾಗ. ಕೊಂಬೆಯ ಮೇಲೆ ಬೆರಳುದ್ದದ ಹಕ್ಕಿ. ಅದರ ಗಂಟಲು ಉಬ್ಬಿ ಇಳಿಯುವುದು ಕಾಣುತ್ತಿತ್ತು. ಕೊಕ್ಕು ತೆರೆದು ಮುಚ್ಚುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ. "ಹೂಂ, ಇಂಪಾಗಿದೆ" ಎಂದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷ ಲಾಳಿ ಬಡಿಯುವ ಪಕ್ಕದಲ್ಲಿ ನಿಂತವಳ ಕಿವಿ ಇಷ್ಟಾದರೂ ಉಳಿದದ್ದು ದೊಡ್ಡದು. ಅದನ್ನು ಈ ಹೆಂಗಸಿನ ಮುಂದೆ ಒಪ್ಪಿಕೊಳ್ಳಲು ನನಗೇನು ಗ್ರಹಚಾರ?

ಮಗ್ಗದ ಮನೆಯವರು ಮಾತಾಡುವುದು ಎರಡೇ ಬಗೆ: ಕೂಗಿ, ಇಲ್ಲವೇ ತುಟಿಯಾಡಿಸಿ. ಮಗ್ಗ ಓಡುವಾಗ ಗಂಟಲು ಹರಿದುಕೊಂಡರೂ ಪ್ರಯೋಜನವಿಲ್ಲ. ಆ ಕೊನೆಯಿಂದ ನನ್ನ ಗಂಡ ತುಟಿಯಲ್ಲಿ ಹೇಳುತ್ತಾರೆ, ಈ ಕೊನೆಯಿಂದ ನಾನು ಓದಿಕೊಳ್ಳುತ್ತೇನೆ. ಕೊನೆಗೆ "ಕೇಳಿಸ್ತಾ?" ಎಂದು ಒಂದು ಮಾತು. ಕೇಳಿಸಿದ್ದರೆ ಬಲಗೈ ಎತ್ತಬೇಕು. ಮಗಳು ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಿದ್ದಳು. ಸ್ಕೂಲಿನಿಂದ ಬಂದವಳು ಬಾಗಿಲಲ್ಲೇ ನಿಂತು, ಲೆಕ್ಕದಲ್ಲಿ ಎಷ್ಟು ಬಂತು, ಯಾರ ಜೊತೆ ಜಗಳವಾಯಿತು ಎಲ್ಲ ಸದ್ದಿಲ್ಲದೆ ಒಪ್ಪಿಸುತ್ತಿದ್ದಳು. ನಾನು ದಾರದ ಮೇಲೆ ಒಂದು ಕಣ್ಣು, ಅವಳ ಬಾಯಿಯ ಮೇಲೆ ಒಂದು ಕಣ್ಣಿಟ್ಟು ಕೈ ಎತ್ತುತ್ತಿದ್ದೆ.

ಪಿಸುಮಾತು ಮಾತ್ರ ನಾವು ಕಲಿಯಲಿಲ್ಲ. ಪಿಸುಗುಟ್ಟುತ್ತಿದ್ದೇವೆ ಎಂದುಕೊಳ್ಳುತ್ತೇವೆ ಅಷ್ಟೆ. ಇದು ನನಗೆ ಆ ಶನಿವಾರ ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ.

ಊಟವಾದ ಮೇಲೆ ನಮ್ಮ ರೂಮಿನ ಜಗಲಿಯಲ್ಲಿ ಕೂತು ಹೊಟ್ಟೆಯಲ್ಲಿದ್ದುದನ್ನೆಲ್ಲ ಗಂಡನ ಮುಂದೆ ಕಕ್ಕಿದೆ. "ಮಂಡಿ ನೋವಂತೆ, ನಾಟಕ! ಮೆಟ್ಲು ಹತ್ತೋವಾಗ ಕುಂಟ್ತಾಳೆ, ಫೋಟೋ ತೆಗೆಸ್ಕೊಳ್ಳೋವಾಗ ನೆಟ್ಟಗೆ ನಿಂತ್ಕೋತಾಳೆ. ನನ್ನ ಮಗಳಿಗೆ ಮಂಕುಬೂದಿ ಎರಚಿಬಿಟ್ಟವ್ಳೆ ಕಣ್ರೀ. ಇವಳು ಹೆತ್ತಾಗ ಇವಳಮ್ಮ ಮಾಡ್ಲಿಲ್ವಾ ಬಾಣಂತನ? ನಾವು ನೇಯೋರು ಅಂತ ಸಸಾರ. ಮದುವೇಲಿ ಉಟ್ಟಿದ್ದಳಲ್ಲ ರೇಷ್ಮೆ ಸೀರೆ, ಅದು ಆಕಾಶದಿಂದ ಉದುರಿತ್ತಾ?" ನನ್ನ ಗಂಡ ಒಂದು ಕಿವಿಗೆ ಕೈ ಒಡ್ಡಿ "ಏನಂದೆ?" ಎಂದರು. ಸೀರೆಯ ಮಾತನ್ನು ಮತ್ತೊಮ್ಮೆ ಹೇಳಿದೆ. ಪಕ್ಕದ ಜಗಲಿಯಲ್ಲಿ ಕುರ್ಚಿ ಸರಿದದ್ದನ್ನು ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಸಂಜೆ ಆರಕ್ಕೆ ಹುಲ್ಲಿನ ನಡುವೆ ಬೆಂಕಿ ಹಾಕಿ ಸುತ್ತ ಕುರ್ಚಿ ಇಟ್ಟರು. ಚಳಿ ಇಳಿದಿತ್ತು. ಉಳಿದ ಅತಿಥಿಗಳು ಬೇರೆ ಬೆಂಕಿಯ ಸುತ್ತ ಇದ್ದರು. ನಮ್ಮ ಬೆಂಕಿಗೆ ನಾವು ನಾಲ್ವರೇ. ಬೀಗಿತ್ತಿ ನಿಧಾನವಾಗಿ ಬಂದು, ಕುರ್ಚಿಯ ಕೈ ಹಿಡಿದು ಕೂತು, ಶಾಲು ಸರಿಪಡಿಸಿಕೊಂಡು ಹೇಳಿದರು: "ನನ್ನ ಮಂಡಿ ನೋವು ನಾಟಕ ಅಲ್ಲ. ಎಕ್ಸ್‌ರೇ ಬೇಕಾದ್ರೆ ತೋರಿಸ್ತೀನಿ. ಆ ಸೀರೆಗೆ ದುಡ್ಡು ಕೊಟ್ಟು ತಗೊಂಡಿದ್ದೀನಿ."

ನನ್ನ ಮುಖ ಬೆಂಕಿಗಿಂತ ಬಿಸಿಯಾಯಿತು. ನನ್ನ ಗಂಡ ತುಟಿಯಲ್ಲೇ "ಕೇಳಿಸಿಬಿಟ್ಟಿದೆ" ಎಂದರು. ಮಗಳು ತಲೆ ತಗ್ಗಿಸಿದಳು. ತಪ್ಪಾಯಿತು ಎನ್ನಬೇಕಿತ್ತು. ನಾಚಿಕೆಯಾದಾಗ ನನಗೆ ಬರುವುದು ಕ್ಷಮೆಯಲ್ಲ, ಇನ್ನಷ್ಟು ಸಿಟ್ಟು.

"ಕೇಳಿಸಿದ್ರೆ ಒಳ್ಳೇದೇ ಆಯ್ತು" ಎಂದೆ. "ಈಗ ಮುಖ ನೋಡ್ಕೊಂಡೇ ಕೇಳ್ತೀನಿ. ನನ್ನ ಮಗಳನ್ನ ಬಾಣಂತನಕ್ಕೆ ಕಳಿಸ್ತೀರೋ ಇಲ್ವೋ?"

ಬೀಗಿತ್ತಿ ಒಮ್ಮೆ ಸೊಸೆಯ ಕಡೆ ನೋಡಿದರು. ಆ ನೋಟವನ್ನು ನಾನು ಗದರಿಕೆ ಎಂದುಕೊಂಡೆ. "ಅಷ್ಟು ಸದ್ದಿರೋ ಮನೇಲಿ ಹಸುಗೂಸನ್ನ ಇಟ್ಕೊಳ್ಳೋದು ಕಷ್ಟ. ನಮ್ಮನೇಲೇ ಆಗಲಿ. ನೀವು ಬಂದು ನೋಡ್ಕೊಂಡು ಹೋಗ್ತಾ ಇರಿ" ಎಂದರು.

"ಬಂದು ನೋಡ್ಕೊಂಡು ಹೋಗೋಕೆ ನಾನೇನು ನೆಂಟಳಾ?" ಬೇರೆ ಬೆಂಕಿಯವರು ತಿರುಗಿ ನೋಡಿದರು. ನೋಡಲಿ. "ಇವಳನ್ನ ಬೆಳೆಸಿದ್ದು ಎಲ್ಲಿ ಅಂದ್ಕೊಂಡಿದ್ದೀರಾ? ಮಗ್ಗದ ಎದುರಿಗೇ ತೊಟ್ಟಿಲು ಕಟ್ಟಿದ್ದೆ. ಸದ್ದಿಗೇ ನಿದ್ದೆ ಮಾಡ್ತಿದ್ಲು. ಅತ್ತರೆ ಕೇಳಿಸಬೇಕು ಅಂತ ಏನಿಲ್ಲ, ಬಾಯಿ ತೆರೆದಿದ್ದು ಕಂಡ್ರೆ ಸಾಕು, ಮಗ್ಗ ನಿಲ್ಲಿಸಿ ಓಡ್ತಿದ್ದೆ. ಒಂದು ದಿನನೂ ತಪ್ಪಿಲ್ಲ. ಕೇಳಿ ನೋಡಿ ಅವಳನ್ನೇ!"

ಇದು ನನ್ನ ಜೀವನದ ಹೆಮ್ಮೆಯ ಮಾತು. ಅಕ್ಕಪಕ್ಕದ ಮಗ್ಗದ ಹೆಂಗಸರ ಮುಂದೆ ನೂರು ಸಲ ಹೇಳಿದ್ದೇನೆ. ಎಲ್ಲರೂ ತಲೆದೂಗಿದ್ದಾರೆ. ಅಂದು ಮಗಳು ತಲೆದೂಗಲಿಲ್ಲ. ಕುರ್ಚಿಯ ಕೈ ಊರಿ ಎದ್ದು, "ನನಗೆ ಚಳಿಯಾಗ್ತಿದೆ" ಎಂದು ರೂಮಿನ ಕಡೆ ನಡೆದಳು. ಬೀಗಿತ್ತಿ ಕುಂಟುತ್ತಾ ಹಿಂದೆಯೇ ಹೋದರು. ನಾನೂ ಏಳಹೊರಟೆ. ಗಂಡ ಸೆರಗು ಹಿಡಿದು ಕೂರಿಸಿದರು.

"ಜಾಸ್ತಿ ಆಯ್ತು ಕಣೇ" ಎಂದರು.

"ಇನ್ನೂ ಆಗಿಲ್ಲ" ಎಂದೆ. ಭಾನುವಾರ ಹನ್ನೊಂದಕ್ಕೆ ರೂಮು ಬಿಡಬೇಕಿತ್ತು, ನಮ್ಮ ಕಾರು ಹತ್ತೂವರೆಗೆ ಬರುತ್ತಿತ್ತು. ಮಗಳನ್ನು ಆ ಕಾರಿನಲ್ಲಿ ಕೂರಿಸಿಕೊಂಡೇ ಹೋಗುವುದೆಂದು ಅಲ್ಲೇ ತೀರ್ಮಾನಿಸಿದೆ. ಬಟ್ಟೆಬರೆ ಆಮೇಲೆ ತರಿಸಿಕೊಂಡರಾಯಿತು. ಅಡ್ಡ ಬಂದರೆ ಬೀಗಿತ್ತಿಯ ಎಕ್ಸ್‌ರೇಯನ್ನು ಇನ್ನೊಮ್ಮೆ ತೆಗೆಸಬೇಕಾಗುತ್ತದೆ ಎಂದು ಗಂಡನಿಗೆ ಹೇಳಿದೆ. ಈ ಸಲ ತುಟಿಯಲ್ಲಿ ಮಾತ್ರ.

ಬೆಳಿಗ್ಗೆ ಏಳೂವರೆಗೆ ಎದ್ದು ಹೊರಗೆ ಬಂದೆ. ಕೈ ಚಾಚಿದರೆ ಬೆರಳು ಮಾಸಲಾಗುವಷ್ಟು ಮಂಜು. ನನ್ನ ಗಂಡ ಆಗಲೇ ಗೇಟಿನ ಹತ್ತಿರ ಕಾವಲಿನವನ ಜೊತೆ ಬೀಡಿ ಸೇದುತ್ತಾ ನಿಂತಿದ್ದರು. ಅವನು ಡಬ್ಬಿ ತೊಳೆದು ಇಟ್ಟಿದ್ದನಂತೆ. ಸಾರನ್ನು ಮನೆಮಂದಿಯೆಲ್ಲ ಹಂಚಿಕೊಂಡರಂತೆ. ನಾನು ಶಾಲು ತಲೆಗೆ ಸುತ್ತಿಕೊಂಡು ಊಟದ ಮನೆಯ ಕಡೆ ಹೋದೆ. ಅದರ ಒಂದು ಗೋಡೆ ಪೂರ್ತಿ ಗಾಜು. ಹೊರಗೆ ಮಬ್ಬು, ಒಳಗೆ ಲೈಟುಗಳು ಉರಿಯುತ್ತಿದ್ದುದರಿಂದ ಒಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಗಾಜಿನ ಪಕ್ಕದ ಮೇಜಿನಲ್ಲಿ ಅತ್ತೆ ಸೊಸೆ ಇಬ್ಬರೇ. ಬೀಗಿತ್ತಿಯ ಬೆನ್ನು ನನ್ನ ಕಡೆಗಿತ್ತು. ಮಗಳ ಮುಖ ಎದುರಿಗೆ. ಬೀಗಿತ್ತಿ ಅವಳ ತಲೆಗೆ ಏನು ತುಂಬುತ್ತಿದ್ದಾಳೋ ನೋಡೋಣ ಎಂದು ಗುಲಾಬಿ ಗಿಡಗಳ ಪಕ್ಕ ನಿಂತೆ. ಕದ್ದು ಕೇಳಿದೆ ಎನ್ನಲಾರೆ, ಯಾಕೆಂದರೆ ಏನೂ ಕೇಳಿಸುತ್ತಿರಲಿಲ್ಲ. ಮಗಳ ತುಟಿ ಮಾತ್ರ ಕಾಣುತ್ತಿತ್ತು. ನನಗೆ ಅಷ್ಟು ಸಾಕು.

"ನಿಮ್ಮನ್ನ ಬೈಸಿದ್ದು ಸಾಕು ಅತ್ತೆ" ಎನ್ನುತ್ತಿದ್ದಳು ಮಗಳು. "ನೀವೇ ಹೇಳಿ ಅಂತ ನಿಮ್ಮ ಮೇಲೆ ಹಾಕಿದ್ದೇ ತಪ್ಪು. ನಾನು ಹೋಗಲ್ಲ ಅಂತ ನಾನೇ ಹೇಳ್ತೀನಿ."

ತಪ್ಪಾಗಿ ಓದಿಕೊಂಡೆನೇನೋ ಎನಿಸಿತು. ಆದರೆ ಆ ತುಟಿಗಳನ್ನು ನಾನು ಒಂದು ದಿನವೂ ತಪ್ಪಾಗಿ ಓದಿದವಳಲ್ಲ. ಬೀಗಿತ್ತಿ ಏನೋ ಅಂದರು. ತಲೆ ಅಲ್ಲಾಡಿದ್ದು ಕಂಡಿತು. ಮಗಳು ಬೇಡವೆಂದು ಕೈಯಾಡಿಸಿದಳು.

"ಅಮ್ಮನ ತಪ್ಪು ಅಂತಲ್ಲ" ಎಂದಳು. "ಅಮ್ಮ ನೋಡಿದ್ರೆ ಓಡಿ ಬರೋಳು, ಅದು ನಿಜ. ಆದ್ರೆ ನೋಡಬೇಕಿತ್ತಲ್ಲ. ನಾನು ಬಿದ್ರೆ, ಕೈ ಸುಟ್ಕೊಂಡ್ರೆ, ಅಳ್ತಿರಲಿಲ್ಲ ಅತ್ತೆ. ತಡ್ಕೊಂಡು ಅಮ್ಮನ ಎದುರಿಗೆ ಹೋಗಿ ನಿಂತ್ಕೋತಿದ್ದೆ. ಅಮ್ಮ ದಾರದಿಂದ ತಲೆ ಎತ್ತೋವರೆಗೂ ಕಾಯ್ತಿದ್ದೆ. ಅವಳು ಈ ಕಡೆ ತಿರುಗಿದ ಮೇಲೆ ಅಳ್ತಿದ್ದೆ. ಮೊದಲೇ ಅತ್ತುಬಿಟ್ರೆ ದಂಡ ಅಲ್ವಾ?"

ಅವಳು ನೀರಿನ ಲೋಟ ಎತ್ತಿಕೊಂಡಳು. ಒಂದು ಗುಟುಕು ಕುಡಿಯುವಷ್ಟು ಹೊತ್ತು ನನಗೆ ಏನೂ ಕಾಣಲಿಲ್ಲ. ಮೊಣಕೈಯ ಮೇಲಿನ ಅವಳ ಸುಟ್ಟ ಗಾಯದ ಗುರುತು ನೆನಪಾಯಿತು. ನಾಲ್ಕು ವರ್ಷದವಳಿದ್ದಾಗ ಇಸ್ತ್ರಿಪೆಟ್ಟಿಗೆ ತಗುಲಿದ್ದು. ಅಂದು ಅವಳು ಮಗ್ಗದ ಎದುರು ನಿಂತಿದ್ದುದೂ, ನಾನು ತಲೆ ಎತ್ತಿದ ಕೂಡಲೇ ಬಾಯಿ ತೆರೆದದ್ದೂ ನೆನಪಿದೆ. ಆಗತಾನೇ ಸುಟ್ಟುಕೊಂಡಿರಬೇಕು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಈಗ ಅಮ್ಮನಿಗೆ ಮಗ್ಗ ನಿಂತಿದ್ರೂ ಕೇಳಿಸಲ್ಲ" ಎಂದಳು ಮಗಳು, ಲೋಟ ಇಟ್ಟು. "ನಿನ್ನೆ ಹಕ್ಕಿ ಕೂಗಿದ್ದು ಕೇಳಿಸ್ಲಿಲ್ಲ, ಗೊತ್ತಾಯ್ತು ನನಗೆ. ಅವಳ ಕೈಲಿ ಕೂಸು ಕೊಟ್ಟು ನಾನು ಮಲಗೋದು ಹೆಂಗೆ? ನನ್ನ ಮಗು ಕಾಯೋದು ಬೇಡ ಅತ್ತೆ. ಅತ್ತ ತಕ್ಷಣ ಯಾರಿಗಾದ್ರೂ ಕೇಳಿಸ್ಬೇಕು."

ನನಗೆ ಬಂದದ್ದು ಮೊದಲು ಸಿಟ್ಟೇ. ಸುಳ್ಳು ಹೇಳುವುದಿಲ್ಲ. ಈ ಮಾತನ್ನು ನನಗಿಂತ ಮೊದಲು ಆ ಬೂಟಿನ ಹೆಂಗಸಿಗೆ ಹೇಳಿದಳಲ್ಲ ಎಂಬ ಸಿಟ್ಟು. ಆ ಹೆಂಗಸೂ ನನ್ನಿಂದ ಬೈಸಿಕೊಂಡೂ ಬಾಯಿ ಬಿಡದೆ ಕೂತಳಲ್ಲ, ಅದಕ್ಕೆ ಇನ್ನೂ ಹೆಚ್ಚಿನ ಸಿಟ್ಟು. ಕೆಟ್ಟವಳಾಗಿಯೇ ಇದ್ದಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತು. ಗಾಜು ಬಡಿದು ಒಳಗೆ ನುಗ್ಗಬೇಕೆನಿಸಿತು. ನುಗ್ಗಿ ಏನು ಹೇಳುವುದು? ನಾಲ್ಕು ಮಗ್ಗ ನಿಲ್ಲಿಸಿದ್ದರೆ ಊಟಕ್ಕೇನು ಮಾಡುತ್ತಿದ್ದೆವು, ನಿನ್ನ ಸ್ಕೂಲಿಗೇನು ಮಾಡುತ್ತಿದ್ದೆವು ಎಂದು ಕೂಗುವುದೇ? ಅದೂ ನಿಜವೇ. ಅವಳು ಕಾದದ್ದೂ ನಿಜ. ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತೆ.

ಆಗ ಮಗಳು ತಲೆ ಎತ್ತಿ ಗಾಜಿನ ಕಡೆ ನೋಡಿದಳು. ಮಂಜಿನಲ್ಲಿ ಮೊದಲು ಗುರುತು ಹತ್ತಲಿಲ್ಲವೇನೋ, ಕಣ್ಣು ಕಿರಿದು ಮಾಡಿದಳು. ಆಮೇಲೆ ಗೊತ್ತಾಯಿತು. ನಾನು ಎಷ್ಟು ಹೊತ್ತಿನಿಂದ ನಿಂತಿದ್ದೇನೆ, ಏನೇನು ಓದಿಕೊಂಡಿದ್ದೇನೆ ಎಂಬುದು ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲೆ ಹೋಯಿತು. ಬೀಗಿತ್ತಿ ಇನ್ನೂ ಏನೋ ಹೇಳುತ್ತಲೇ ಇದ್ದರು.

ಮಗಳು ದನಿ ತೆಗೆಯಲಿಲ್ಲ. ನಮ್ಮ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಾಗೆಯೇ, ತುಟಿಯಲ್ಲಿ ಮಾತ್ರ ಕೇಳಿದಳು.

"ಕೇಳಿಸ್ತಾಮ್ಮಾ?"

ಶಾಲಿನಿಂದ ಬಲಗೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಅಲುಗಾಡದೆ ಕಾಯುತ್ತಿದ್ದಳು. ನಾನು ಕೈ ಎತ್ತಿದೆ.

ಆಮೇಲೆ ಅವಳು ಅತ್ತಳು.